ಪಾರ್ಕಿನಲ್ಲಿ ಕಾರ್ಯಕ್ರಮ ಮಾಡುವ ಮೊದಲು ಒಂದು ವಾರ ಅಲ್ಲೇ ಸುಮ್ನೆ ಕೂತು ನೋಡಿ

ಪ್ರಶ್ನೆ: ನಮ್ಮದು ಬೆಂಗಳೂರು ದಕ್ಷಿಣದ ಹಳೇ ಬಡಾವಣೆ. ಮುಕ್ಕಾಲು ಎಕರೆಯ ಒಂದು ಪಾರ್ಕ್ ಇದೆ. ಕಳೆದ ನವೆಂಬರ್‌ನಲ್ಲಿ ನಿವಾಸಿಗಳ ಸಂಘದಿಂದ ಅಲ್ಲಿ ರಾಜ್ಯೋತ್ಸವ ಮಾಡಿದೆವು. ಶಾಮಿಯಾನ, ಆರ್ಕೆಸ್ಟ್ರಾ, ಊಟ ಎಲ್ಲಾ ಇತ್ತು. ನಾನೂರು ಜನ ಬಂದಿದ್ದರು. ಮಾರನೇ ದಿನದಿಂದ ಜಗಳ ಶುರು. ಹುಲ್ಲು ಹಾಳಾಯಿತು, ಕಸ ಎರಡು ದಿನ ಬಿದ್ದಿತ್ತು, ಮೈಕ್ ಸದ್ದಿಗೆ ಬೇಸತ್ತ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದ್ದರು. ಈ ವರ್ಷ ಬೇಡವೇ ಬೇಡ ಅಂತ ಅರ್ಧ ಜನ, ಮಾಡಲೇಬೇಕು ಅಂತ ಇನ್ನರ್ಧ ಜನ. ಯಾರ ಅನುಮತಿ ಕೇಳಬೇಕು, ಹೇಗೆ ಮಾಡಬೇಕು, ತಿಳಿಸುತ್ತೀರಾ?

ಉತ್ತರ: ಬೇಡ ಅನ್ನುವವರನ್ನು ಮೊದಲು ಮಾತಾಡಿಸಿ. ಅವರು ಕಾರ್ಯಕ್ರಮದ ವಿರೋಧಿಗಳು ಅಂತ ನನಗೆ ಅನ್ನಿಸುತ್ತಿಲ್ಲ. ಆ ಪಾರ್ಕನ್ನು ದಿನಾ ಬಳಸುವವರು ಅವರೇ ಇರಬೇಕು. ನಿಮ್ಮ ಪಾರ್ಕಿನಲ್ಲಿ ವರ್ಷದ 365 ದಿನವೂ ಕಾರ್ಯಕ್ರಮ ನಡೀತಾನೇ ಇದೆ. ಬೆಳಿಗ್ಗೆ ಐದೂವರೆಗೆ ವಾಕಿಂಗ್, ಆರೂವರೆಗೆ ಯೋಗ ಮಾಡುವವರು, ಸಂಜೆ ನಾಲ್ಕಕ್ಕೆ ಉಯ್ಯಾಲೆಗೆ ಸಾಲು ನಿಲ್ಲುವ ಮಕ್ಕಳು, ಐದಕ್ಕೆ ಕಲ್ಲುಬೆಂಚಿನ ಮೇಲೆ ಹಿರಿಯರ ಹರಟೆ. ನೀವು ಮಾಡುವ ಕಾರ್ಯಕ್ರಮ ಇವರೆಲ್ಲರ ನಡುವೆ ಒಂದು ದಿನದ ಅತಿಥಿ. ಅತಿಥಿ ಬಂದು ಮನೆಯವರನ್ನೇ ಹೊರಗೆ ಕಳಿಸಿದರೆ ಜಗಳ ಆಗದೆ ಇರುತ್ತದೆಯೇ?

ಅದಕ್ಕೇ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇಷ್ಟೇ. ಒಂದು ವಾರ ಪಾರ್ಕಿನಲ್ಲಿ ಸುಮ್ನೆ ಕೂತು ನೋಡಿ. ನೀವು ಕಾರ್ಯಕ್ರಮ ಇಟ್ಟುಕೊಳ್ಳಬೇಕು ಅಂತಿರುವ ಹೊತ್ತಿಗೇ ಹೋಗಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಯಾರು ಎಲ್ಲಿ ಕೂರುತ್ತಾರೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಯಾವ ದೀಪ ಉರಿಯುವುದಿಲ್ಲ, ಎಲ್ಲ ಬರೆದುಕೊಳ್ಳಿ. ಶೌಚಾಲಯ ಇದ್ದರೆ ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿಟ್ಟುಕೊಳ್ಳಿ. ಈ ಕೊನೆಯದನ್ನು ಮರೆತು ಎಷ್ಟೋ ಕಾರ್ಯಕ್ರಮಗಳು ಅರ್ಧಕ್ಕೇ ಖಾಲಿಯಾಗಿವೆ. ವಯಸ್ಸಾದವರು, ಚಿಕ್ಕ ಮಕ್ಕಳ ತಾಯಂದಿರು ಎದ್ದು ಮನೆಗೆ ಹೋದರೆ ವಾಪಸ್ ಬರುವುದಿಲ್ಲ.

ಮಾಲಿಯ ಹತ್ತಿರ ಕೂತು ಮಾತಾಡುವುದನ್ನಂತೂ ಬಿಡಬೇಡಿ. ಹದಿನೈದು ವರ್ಷದ ಹಿಂದಿನ ಮಾತು. ನಾನು ಸೇರಿ ಮಾಡಿದ ಒಂದು ಕಾರ್ಯಕ್ರಮದ ಮಾರನೇ ಬೆಳಿಗ್ಗೆ ಮಾಲಿ ನನ್ನನ್ನು ಕರೆದುಕೊಂಡು ಹೋಗಿ ಹುಲ್ಲಿನ ಮೇಲೆ ನಿಲ್ಲಿಸಿದರು. ಬಗ್ಗಿ ಬೆರಳಿನಿಂದ ಒಂದು ತೂತು ತೋರಿಸಿದರು. ಶಾಮಿಯಾನದವರು ಹೊಡೆದ ಕಬ್ಬಿಣದ ಗೂಟ ನೀರಿನ ಪೈಪಿನ ನಡುವೆಯೇ ಇಳಿದಿತ್ತು. ಸುತ್ತ ಕೆಸರು, ಪೈಪಿನಿಂದ ನೀರು ಗುಳುಗುಳು ಅಂತ ಬರುತ್ತಿತ್ತು. ‘ಹೋದ ವಾರ ಒಂದು ಮಾತು ಕೇಳಿದ್ದರೆ ಪೈಪು ಎಲ್ಲಿದೆ ಅಂತ ನಾನೇ ಸುಣ್ಣದಲ್ಲಿ ಗೆರೆ ಹಾಕಿ ಕೊಡುತ್ತಿದ್ದೆ ಸಾರ್’ ಅಂದರು. ಆ ಬೇಸಿಗೆಯೆಲ್ಲಾ ಅಷ್ಟು ಜಾಗ ಒಣಗಿಯೇ ಇತ್ತು. ಅಂದಿನಿಂದ ಸುಣ್ಣದ ಗೆರೆ ಬೀಳದೆ ಒಂದು ಗೂಟಕ್ಕೂ ನಾನು ಒಪ್ಪಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮುಕ್ಕಾಲು ಎಕರೆ ಅಂದರೆ 30 ಗುಂಟೆ, ಸುಮಾರು 32,700 ಚದರ ಅಡಿ. ಕೇಳುವುದಕ್ಕೆ ದೊಡ್ಡದಾಗಿದೆ. ಮರ, ನಡೆಯುವ ಹಾದಿ, ಗಿಡಗಳ ಪಾತಿ, ಮಕ್ಕಳ ಆಟದ ಜಾಗ, ವ್ಯಾಯಾಮದ ಸಲಕರಣೆ ಎಲ್ಲ ಕಳೆದು ನೋಡಿ. ಇಂಥ ಪಾರ್ಕುಗಳಲ್ಲಿ ಜನ ಕೂರುವಂಥ ಬಯಲು ಕಾಲು ಭಾಗ ಉಳಿದರೆ ಹೆಚ್ಚು. ಅಂದರೆ ಎಂಟು ಸಾವಿರ ಚದರ ಅಡಿ. ಓಡಾಡುವ ಸಂದು ಸೇರಿ ಒಂದು ಕುರ್ಚಿಗೆ 10ರಿಂದ 12 ಚದರ ಅಡಿ ಬೇಕು. ನಾನೂರು ಕುರ್ಚಿಗೇ ನಾಲ್ಕು ಸಾವಿರ ದಾಟಿತು. ಮೇಲೆ ವೇದಿಕೆ, ಊಟದ ಸಾಲು, ಕೈ ತೊಳೆಯುವ ಜಾಗ. ಊಟಕ್ಕೆ ಎದ್ದವರು ಪಾತಿ ತುಳಿಯದೆ ಎಲ್ಲಿ ನಿಲ್ಲಬೇಕು ಹೇಳಿ? ನಿಮ್ಮ ಹುಲ್ಲು ಹಾಳಾದದ್ದು ಜನರ ಅಶಿಸ್ತಿನಿಂದ ಅಲ್ಲ. ಲೆಕ್ಕ ಮೊದಲೇ ತಪ್ಪಿತ್ತು. ನಿಮ್ಮ ಪಾರ್ಕಿಗೆ ಒಂದು ಹೊತ್ತಿಗೆ ನೂರೈವತ್ತು ಜನ ಸಾಕು.

ಹಿಂದಿನ ದಿನ ಮಳೆ ಬಂದಿದ್ದರೆ ಇನ್ನೂ ಕಡಿಮೆ ಮಾಡಿ. ಒದ್ದೆ ನೆಲದ ಮೇಲೆ ಜನ ಓಡಾಡಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಇಳಿಯುವುದಿಲ್ಲ. ಮರದ ಆಹಾರದ ಬೇರುಗಳು ಹೆಚ್ಚಾಗಿ ಇರುವುದೇ ಮೇಲಿನ ಎರಡು ಅಡಿ ಮಣ್ಣಿನಲ್ಲಿ. ಹಾಗಾಗಿ ಜನರೇಟರ್, ನೀರಿನ ಟ್ಯಾಂಕರ್, ಪಾತ್ರೆ ತುಂಬಿದ ಟೆಂಪೋ ಇವು ಯಾವುದೂ ಗೇಟಿನ ಒಳಗೆ ಬರಬಾರದು. ತಳ್ಳುಗಾಡಿಯಲ್ಲಿ ತಂದು ಇಳಿಸಿ. ಬ್ಯಾನರ್ ಕಟ್ಟಲು ಮರಕ್ಕೆ ಮೊಳೆ ಹೊಡೆಯುವುದಂತೂ ಬೇಡವೇ ಬೇಡ. ಬಟ್ಟೆಯ ಬ್ಯಾನರನ್ನು ಸೆಣಬಿನ ಹಗ್ಗದಲ್ಲಿ ಕಟ್ಟಿ, ಅವತ್ತೇ ಬಿಚ್ಚಿ. ಫ್ಲೆಕ್ಸ್, ಥರ್ಮೋಕೋಲ್, ಪ್ಲಾಸ್ಟಿಕ್ ಲೋಟ, ತಟ್ಟೆ ಇವಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಕನ್ನಡದ ಹಬ್ಬಕ್ಕೆ ಅದೇ ಫ್ಲೆಕ್ಸ್ ಕಟ್ಟಿದರೆ ನೋಡುವವರಿಗೂ ಬೇಜಾರು, ಅಲ್ವಾ?

ಎತ್ತರದ ಮರ, ನೀರಿನ ಟ್ಯಾಂಕು, ಪಕ್ಕದ ಕಟ್ಟಡದ ಸಜ್ಜ ಇವನ್ನೆಲ್ಲ ತಲೆಯೆತ್ತಿ ನೋಡಿ. ಹೆಜ್ಜೇನು ಗೂಡು ಕಟ್ಟಿದ್ದರೆ ಅದರ ಹತ್ತಿರ ಹೊಗೆ, ಪಟಾಕಿ, ಡ್ರೋನ್ ಯಾವುದೂ ಬೇಡ. ಬೇರೆ ಮೂಲೆ ಇಲ್ಲ ಅಂದರೆ ದಿನಾಂಕವನ್ನೇ ಮುಂದೆ ಹಾಕಿ. ಗೂಡು ಕೀಳಿಸುವ ಯೋಚನೆ ಮಾಡಬೇಡಿ.

ಇನ್ನು ಅನುಮತಿ. ಮೊದಲು ಪಾರ್ಕ್ ಯಾರದ್ದು ಅಂತ ತಿಳಿದುಕೊಳ್ಳಿ. ಜನ ಎಡವುವುದು ಇಲ್ಲೇ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ರಾಜ್ಯ ತೋಟಗಾರಿಕೆ ಇಲಾಖೆಯವು, ಅವಕ್ಕೆ 1975ರ ಬೇರೆಯದೇ ಕಾಯ್ದೆ ಇದೆ. ಬಡಾವಣೆಯ ಪಾರ್ಕುಗಳು ಸಾಮಾನ್ಯವಾಗಿ ನಗರ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಸೇರಿರುತ್ತವೆ. ಪಾಲಿಕೆಗೆ ಇನ್ನೂ ಹಸ್ತಾಂತರ ಆಗದ ಹೊಸ ಬಡಾವಣೆಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವನ್ನು (ಬಿಡಿಎ) ಕೇಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಕಳೆದ ಸಲದ ಪತ್ರದ ನಕಲನ್ನೇ ತಿದ್ದಿ ಕೊಟ್ಟರೆ ಅದು ಟೇಬಲ್‌ನಿಂದ ಟೇಬಲ್‌ಗೆ ಅಲೆಯುತ್ತದೆ. ನಿಮ್ಮ ವಾರ್ಡ್ ಈಗ ಯಾವ ಪಾಲಿಕೆಗೆ ಸೇರಿದೆ, ತೋಟಗಾರಿಕೆ ವಿಭಾಗದ ಕಚೇರಿ ಎಲ್ಲಿದೆ ಅಂತ ವಿಚಾರಿಸಿಯೇ ಪತ್ರ ಬರೆಯಿರಿ. ಬೇರೆ ಊರುಗಳಲ್ಲಿ ನಗರಸಭೆ ಅಥವಾ ಪುರಸಭೆಯ ಕಚೇರಿಯಿಂದ ಶುರು ಮಾಡಿ.

ಅಧಿಕಾರಿಗಳು ಹಿಂದೇಟು ಹಾಕಿದರೆ ಕೋಪ ಮಾಡಿಕೊಳ್ಳಬೇಡಿ. ಅವರು ಹೆದರುವುದಕ್ಕೂ ಕಾರಣ ಇದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡುವುದಕ್ಕೆ ಅಂತಲೇ 1985ರಲ್ಲಿ ರಾಜ್ಯದ ಕಾಯ್ದೆ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟದ್ದು ತಪ್ಪು ಎಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಪ್ರಕರಣ ಅದು. ಆ ಜಾಗಕ್ಕಾಗಿ ಕೋರ್ಟಿಗೆ ಹೋದವರು ಅಲ್ಲಿನ ನಿವಾಸಿಗಳೇ. ನಮ್ಮ ನಿಮ್ಮಂಥ ಜನ ಹೋರಾಡಿದ್ದರಿಂದ ಆ ಹಸಿರು ಉಳಿಯಿತು. ಆದ್ದರಿಂದ ‘ಇದು ನಮ್ಮ ಸಂಘದ ಪಾರ್ಕ್’ ಅನ್ನುವ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಬರಬಾರದು. ಗೇಟು ಎಲ್ಲರಿಗೂ ತೆರೆದಿರುತ್ತದೆ, ಟಿಕೆಟ್ ಇಲ್ಲ, ಮಾರಾಟ ಇಲ್ಲ ಅಂತ ಬರೆಯಿರಿ.

ಪತ್ರ ಒಂದೇ ಪುಟ ಇರಲಿ. ದಿನಾಂಕ, ಸಾಮಾನು ಇಳಿಸುವ ಹೊತ್ತು, ಕಾರ್ಯಕ್ರಮ ಶುರುವಾಗುವ ಹೊತ್ತು, ಜಾಗ ಖಾಲಿ ಮಾಡಿ ಕೊಡುವ ಹೊತ್ತು, ಎಷ್ಟು ಜನ, ಯಾವ ಮೂಲೆ, ಮೈಕ್ ಇದೆಯಾ ಇಲ್ಲವಾ, ತಿಂಡಿ ಏನು, ಕಸ ಯಾರು ಎತ್ತುತ್ತಾರೆ, ಹೊಣೆ ಹೊತ್ತ ಇಬ್ಬರ ಹೆಸರು, ಫೋನ್ ನಂಬರ್. ಜೊತೆಗೆ ಕೈಯಲ್ಲೇ ಬಿಡಿಸಿದ ಪಾರ್ಕಿನ ನಕ್ಷೆ ಲಗತ್ತಿಸಿ. ವೇದಿಕೆ ಎಲ್ಲಿ, ಜನ ಎಲ್ಲಿ, ವಾಕಿಂಗ್ ಹಾದಿ ಹೇಗೆ ತೆರೆದಿರುತ್ತದೆ ಅಂತ ತೋರಿಸಿ. ಆ ನಕ್ಷೆ ನೋಡಿದ ಅಧಿಕಾರಿಗೆ ಅರ್ಧ ಧೈರ್ಯ ಬರುತ್ತದೆ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡೇ ಬನ್ನಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಸಭೆ, ಸಮಾರಂಭಕ್ಕೆ ಅಂತ ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ಬೇರ್ಪಡಿಸಬೇಕು. ಘನತ್ಯಾಜ್ಯ ನಿಯಮದಲ್ಲೇ ಈ ಮಾತು ಇದೆ. ನಿಮ್ಮ ಪತ್ರದಲ್ಲಿ ಇದನ್ನೂ ಸೇರಿಸಿಬಿಟ್ಟರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ಮೈಕ್ ಬೇಕೇ ಬೇಕು ಅಂದರೆ ಅದಕ್ಕೆ ಪೊಲೀಸರಿಂದ ಬೇರೆ ಲಿಖಿತ ಅನುಮತಿ ಬೇಕು. ನಿಮ್ಮ ಠಾಣೆಯಲ್ಲಿ ವಿಚಾರಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಹಗಲಿನಲ್ಲೂ ಮಿತಿ ಇದೆ ಅನ್ನುವುದು ಮರೆತುಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ಇಬ್ಬರು ಎದುರುಬದುರು ಕೂತು ಮಾತಾಡುವ ಸದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತಲ ನೂರು ಮೀಟರ್ ನಿಶ್ಶಬ್ದ ವಲಯ ಆಗಿದ್ದರೆ ಮಿತಿ ಇನ್ನೂ ಕಡಿಮೆ. ಆರ್ಕೆಸ್ಟ್ರಾ ಇಟ್ಟುಕೊಂಡು ಈ ಮಿತಿಯೊಳಗೆ ಇರುವುದು ಆಗದ ಮಾತು. ಫೋನ್ ಮಾಡಿದ ಮನೆಯವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಅವರ ಮನೆಯಲ್ಲಿ ಮಲಗಿದ ಅಜ್ಜಿ ಇರಬಹುದು, ಪರೀಕ್ಷೆಗೆ ಓದುವ ಮಗು ಇರಬಹುದು.

ಈ ಸಲ ಆರ್ಕೆಸ್ಟ್ರಾ ಬಿಟ್ಟುಬಿಡಿ. ಒಂದು ತಂಬೂರಿ, ಒಂದು ಹಾರ್ಮೋನಿಯಂ, ಬಡಾವಣೆಯಲ್ಲೇ ಹಾಡುವವರು ಹತ್ತು ಜನ ಇದ್ದರೆ ಮೈಕೇ ಬೇಡ. ಜನರನ್ನು ಅರ್ಧಚಂದ್ರದ ಹಾಗೆ ನಾಲ್ಕೇ ಸಾಲು ಕೂರಿಸಿ, ಜಮಖಾನ ಹಾಸಿ. ಹಿಂದಿನ ಸಾಲಿನ ಹಿರಿಯರಿಗೆ ಮಾತ್ರ ಕುರ್ಚಿ. ಮೈಕ್ ಇಡಲೇಬೇಕು ಅಂತಾದರೆ ಎರಡು ಚಿಕ್ಕ ಬ್ಯಾಟರಿ ಸ್ಪೀಕರ್ ತನ್ನಿ, ಬಾಯಿ ಪಾರ್ಕಿನ ಒಳಗೆ ತಿರುಗಿರಲಿ. ಮರದ ಮೇಲೆ ಹಾರ್ನ್ ಕಟ್ಟಿದರೆ ಸದ್ದು ಮೂರನೇ ಬೀದಿಗೆ ಹೋಗುತ್ತದೆ, ಮುಂದೆ ಕೂತವರಿಗೆ ಮಾತು ತಿಳಿಯುವುದಿಲ್ಲ. ಹಿಂದಿನ ದಿನ ಐದು ನಿಮಿಷ ಹಾಕಿ ನೋಡಿ. ಒಬ್ಬರು ಆ ಪಕ್ಕದ ಮನೆಯ ವರಾಂಡದಲ್ಲೇ ಕೂತು ಕೇಳಲಿ. ಆ ಮನೆಯವರೇ ಕೂತರೆ ಇನ್ನೂ ಒಳ್ಳೆಯದು. ಇಷ್ಟು ಸಾಕು ಅಂತ ಅವರೇ ಹೇಳಿದ ಜಾಗದಲ್ಲಿ ಸ್ಪೀಕರಿನ ಸದ್ದಿನ ಗುಂಡಿಗೆ ಗುರುತು ಹಾಕಿ.

ಸದ್ದೇ ಇಲ್ಲದ ಕಾರ್ಯಕ್ರಮಕ್ಕೆ ಜನ ಬರುತ್ತಾರಾ ಅಂತ ಕೇಳಬಹುದು. ಕಬ್ಬನ್ ಪಾರ್ಕಿನಲ್ಲಿ 2023ರಲ್ಲಿ ಶುರುವಾದ ಕಬ್ಬನ್ ರೀಡ್ಸ್ ಅನ್ನುವ ಓದುಗರ ಕೂಟ ನೋಡಿ. ಶನಿವಾರ ಬೆಳಿಗ್ಗೆ ಒಂದು ಚಾಪೆ, ಒಂದು ಪುಸ್ತಕ ತಂದು ಮರದ ಕೆಳಗೆ ಸುಮ್ಮನೆ ಓದುವುದು. ವೇದಿಕೆ ಇಲ್ಲ, ಭಾಷಣ ಇಲ್ಲ. ಅದನ್ನು ನೋಡಿ ಬೇರೆ ಬೇರೆ ಊರಿನ ಪಾರ್ಕುಗಳಲ್ಲೂ ಶುರು ಮಾಡಿದರು. ಜನರಿಗೆ ಬೇಕಿದ್ದದ್ದು ಜೊತೆಯಲ್ಲಿ ಕೂರುವುದಕ್ಕೆ ಒಂದು ನೆಪ.

ನಿಮಗೆ ನನ್ನ ಸಲಹೆ ಅದೇ ದಾರಿಯದು. ವರ್ಷಕ್ಕೆ ಒಂದು ದೊಡ್ಡ ಹಬ್ಬದ ಬದಲು ತಿಂಗಳಿಗೆ ಒಂದು ಚಿಕ್ಕ ಸಂಜೆ ಇಟ್ಟುಕೊಳ್ಳಿ. ಮೂರನೇ ಶನಿವಾರ ಅಂತ ಗೊತ್ತು ಮಾಡಿ, ಎರಡು ಗಂಟೆ ಸಾಕು. ಮೊದಲ ತಿಂಗಳು ಆಟ ಇರಲಿ. ಮಕ್ಕಳಿಗೆ ಸೀಮೆಸುಣ್ಣ ಕೊಟ್ಟರೆ ಕುಂಟೆಬಿಲ್ಲೆಯ ಮನೆ ತಾವೇ ಬರೆದುಕೊಳ್ಳುತ್ತಾರೆ. ನಾನು ನೋಡಿದ ಒಂದು ಸಂಜೆ ಹೇಳುತ್ತೇನೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಲ್ಲುಬೆಂಚಿನ ಮೇಲೆ ಇದ್ದಿಲಿನಲ್ಲಿ ಚೌಕಾಬಾರದ ಮನೆ ಬರೆದರು. ಸೆರಗಿನ ಗಂಟು ಬಿಚ್ಚಿ ನಾಲ್ಕು ಕವಡೆ ತೆಗೆದರು. ಐದನೇ ಕ್ಲಾಸಿನ ಇಬ್ಬರು ಹುಡುಗರು ಮೊದಲು ದೂರ ನಿಂತಿದ್ದರು. ಕವಡೆ ನಾಲ್ಕೂ ಅಂಗಾತ ಬಿದ್ದು ಅಜ್ಜಿ ‘ಚೌಕಾ!’ ಅಂತ ಕೂಗಿದಾಗ ಓಡಿ ಬಂದು ಕೂತೇಬಿಟ್ಟರು. ಆ ಮಕ್ಕಳ ತಾಯಿ ಮನೆಗೆ ಕರೆಯಲು ಬಂದವರು ತಾವೇ ನಾಲ್ಕನೇ ಆಟಗಾರರಾದರು. ಅಷ್ಟಕ್ಕೆ ಖರ್ಚಾದದ್ದು ಒಂದು ಚೂರು ಇದ್ದಿಲು. ಅಳಗುಳಿ ಮಣೆ, ಬುಗುರಿ, ಲಗೋರಿ ಇವೂ ಆಗುತ್ತವೆ. ಚಿನ್ನಿದಾಂಡು ಮಾತ್ರ ಇಂಥ ಚಿಕ್ಕ ಪಾರ್ಕಿನಲ್ಲಿ ಬೇಡ, ಚಿನ್ನಿ ಹಾರಿ ಯಾರದಾದರೂ ಕಣ್ಣಿಗೆ ಪೆಟ್ಟಾದೀತು.

ಎರಡನೇ ತಿಂಗಳು ಗಿಡ, ಬೀಜ ಬದಲಾಯಿಸಿಕೊಳ್ಳುವ ಸಂಜೆ ಇಡಬಹುದು. ಮೂರನೆಯದು ಕಥೆ. ಬಡಾವಣೆಯಲ್ಲಿ ಮಂಗಳೂರಿನವರು, ಧಾರವಾಡದವರು, ಕಲಬುರಗಿಯವರು ಇದ್ದೇ ಇರುತ್ತಾರೆ. ಅವರವರ ಕನ್ನಡದಲ್ಲೇ ಒಂದೊಂದು ಕಥೆ ಹೇಳಲಿ. ಮನೆಯಲ್ಲಿ ತಮಿಳು, ತೆಲುಗು, ಹಿಂದಿ ಮಾತಾಡುವವರನ್ನೂ ಬಾಯಿತುಂಬ ಕರೆಯಿರಿ. ರಾಜ್ಯೋತ್ಸವಕ್ಕೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ನನಗೆ ಹೊಳೆಯುತ್ತಿಲ್ಲ. ಮುಖ್ಯ ಅತಿಥಿ, ಶಾಲು, ಹಾರ ಮೊದಲ ವರ್ಷ ಬೇಡ. ಅತಿಥಿ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಹೊತ್ತಿಗೆ ಕಾರ್ಯಕ್ರಮ ಶುರುವಾಗುತ್ತದೆ. ಚುನಾವಣೆ ಹತ್ತಿರ ಇದ್ದರಂತೂ ವೇದಿಕೆಯ ಮೇಲೆ ಯಾವ ಪಕ್ಷದವರೂ ಬೇಡ.

ದಿನ ಆರಿಸುವಾಗ ಮಳೆಯನ್ನು ಮರೆಯಬೇಡಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಸಂಜೆಗಳನ್ನು ನಂಬುವ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲೂ ನಾಲ್ಕರ ಮೇಲೆ ಗುಡುಗು ಬರುತ್ತದೆ, ಆಗ ಬೆಳಿಗ್ಗೆ ಇಟ್ಟುಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಆದರೆ ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ನಾಲ್ಕಕ್ಕೇ ಶುರು ಮಾಡಿದರೆ ದೀಪದ ತಾಪತ್ರಯ ಇಲ್ಲ. ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ. ಆಗ ಓದುವ, ಗಿಡ ನೆಡುವಂಥ ಸದ್ದಿಲ್ಲದ ಕೆಲಸ ಇರಲಿ. ಗುಡುಗು ಕೇಳಿದರೆ ಮರದ ಕೆಳಗೆ ಯಾರನ್ನೂ ನಿಲ್ಲಿಸಬೇಡಿ, ಕಾರ್ಯಕ್ರಮ ಅಲ್ಲಿಗೇ ನಿಲ್ಲಿಸಿ. ವೇದಿಕೆ ಪಾರ್ಕಿನ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಪೂರ್ವ, ಪಶ್ಚಿಮಕ್ಕೆ ಇಟ್ಟರೆ ಇಳಿಬಿಸಿಲು ಹಾಡುವವರ ಕಣ್ಣಿಗೋ ಕೇಳುವವರ ಕಣ್ಣಿಗೋ ಹೊಡೆಯುತ್ತದೆ.

ಊಟ ಬೇಡ, ತಿಂಡಿ ಸಾಕು. ಕಡಲೆಪುರಿ, ಕೋಸಂಬರಿ, ಒಂದು ಲೋಟ ಮಜ್ಜಿಗೆ. ಬೆಲ್ಲದ ಪಾನಕ ಕೊಡುವುದಾದರೆ ಹುಲ್ಲಿನ ಮೇಲೆ ಬೇಡ, ಗೇಟಿನ ಹತ್ತಿರ ಕಲ್ಲು ಹಾಸಿನ ಮೇಲೆ ಕೊಡಿ. ಚೆಲ್ಲಿದ ಕಡೆ ರಾತ್ರಿಯೊಳಗೆ ಇರುವೆ ಸಾಲು ಹಿಡಿಯುತ್ತದೆ, ಬೆಳಿಗ್ಗೆ ಅಲ್ಲೇ ಯೋಗದವರು ಚಾಪೆ ಹಾಸುತ್ತಾರೆ. ನೂರೈವತ್ತು ಜನಕ್ಕೆ ಎರಡು ಗಂಟೆಗೆ 20 ಲೀಟರಿನ ನಾಲ್ಕು ಕ್ಯಾನ್ ನೀರು ಬೇಕಾಗುತ್ತದೆ. ಹಾಳೆ ತಟ್ಟೆಗಿಂತ ಸ್ಟೀಲ್ ಒಳ್ಳೆಯದು. ಹಾಳೆ ತಟ್ಟೆಯೂ ಕೊನೆಗೆ ರಾಶಿ ಕಸವೇ. ಸ್ಟೀಲ್ ತಟ್ಟೆ, ಲೋಟ ಕೊಟ್ಟು ವಾಪಸ್ ಪಡೆಯುವ ತಟ್ಟೆ ಬ್ಯಾಂಕ್‌ಗಳು ಬೆಂಗಳೂರಿನಲ್ಲಿವೆ, ಅದಮ್ಯ ಚೇತನ ಅನ್ನುವ ಸೇವಾ ಸಂಸ್ಥೆಯದ್ದು ಅವುಗಳಲ್ಲಿ ಒಂದು. ಇಲ್ಲದಿದ್ದರೆ ಮನೆಯಿಂದಲೇ ಒಂದು ಲೋಟ ತನ್ನಿ ಅಂತ ಕರೆಯೋಲೆಯಲ್ಲೇ ಬರೆದುಬಿಡಿ. ಜನ ತರುತ್ತಾರೆ, ನಾನು ನೋಡಿದ್ದೇನೆ.

ಕಸದ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಅದನ್ನು ಪೌರಕಾರ್ಮಿಕರ ತಲೆಗೆ ಕಟ್ಟಬಾರದು. ಅವರ ಬೆಳಗಿನ ಕೆಲಸ ಅವರಿಗೇ ಹೊರೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ, ಎರಡರ ಪಕ್ಕದಲ್ಲೂ ಒಬ್ಬೊಬ್ಬರು ಹೈಸ್ಕೂಲ್ ಮಕ್ಕಳು ನಿಲ್ಲಲಿ. ಎಲೆ, ಹೂವು ಪಾರ್ಕಿನ ಗೊಬ್ಬರದ ಗುಂಡಿಗೆ ಹೋಗಲಿ, ಬೇಯಿಸಿದ ತಿಂಡಿ ಅಲ್ಲಿಗೆ ಬೀಳಬಾರದು, ಇಲಿ ಬರುತ್ತವೆ. ಹಿಂದಿನ ದಿನವೇ ಕಸದ ಆಟೋದವರ ಹತ್ತಿರ ಮಾತಾಡಿ, ಮಾರನೇ ಬೆಳಿಗ್ಗೆ ನೀವೇ ನಿಂತು ಕಸ ಹತ್ತಿಸಿ. ಕಾರ್ಯಕ್ರಮ ಮುಗಿಯುವ ಹದಿನೈದು ನಿಮಿಷ ಮುಂಚೆ ಎಲ್ಲರಿಗೂ ಹೇಳಿ, ನಿಮ್ಮ ಸುತ್ತ ಹತ್ತು ಹೆಜ್ಜೆ ನೋಡಿ ಎತ್ತಿಕೊಡಿ ಅಂತ. ಮುಗಿದ ಮೇಲೆ ಹೇಳಿದರೆ ಆಗಲೇ ಅರ್ಧ ಜನ ಗೇಟಿನ ಹೊರಗೆ ಇರುತ್ತಾರೆ.

ಗಾಲಿಕುರ್ಚಿಯಲ್ಲಿ ಬರುವವರಿಗೆ ನಿಮ್ಮ ಗೇಟು ದಾಟುವುದಕ್ಕೆ ಆಗುತ್ತದೆಯೇ, ಅದನ್ನೂ ನೋಡಿ. ಎಷ್ಟೋ ಪಾರ್ಕುಗಳಲ್ಲಿ ಬೈಕ್ ಬಾರದಿರಲಿ ಅಂತ ಸುತ್ತುಗೇಟು ಹಾಕಿರುತ್ತಾರೆ. ದೊಡ್ಡ ಗೇಟಿನ ಬೀಗ ಅವತ್ತು ತೆಗೆಸಿ.

ಮಾರನೇ ಬೆಳಿಗ್ಗೆ ಆರಕ್ಕೆ ಮಾಲಿಯ ಜೊತೆ ಒಂದು ಸುತ್ತು ಹಾಕಿ. ಮುರಿದ ಗಿಡ, ಕಿತ್ತ ಹುಲ್ಲು ಬರೆದುಕೊಂಡು ಆ ವಾರವೇ ಸಂಘದ ದುಡ್ಡಿನಲ್ಲಿ ಸರಿ ಮಾಡಿಸಿ. ವಾಕಿಂಗಿಗೆ ಬಂದವರನ್ನು ನಿಲ್ಲಿಸಿ, ತೊಂದರೆ ಆಯಿತಾ ಅಂತ ಕೇಳಿ. ಖರ್ಚಿನ ಲೆಕ್ಕ ಗೇಟಿನ ಬೋರ್ಡಿಗೆ ಅಂಟಿಸಿ.

ನವೆಂಬರ್‌ಗೆ ಮಾಡುವುದಾದರೆ ಪತ್ರವನ್ನು ದಸರೆ ರಜೆಗೆ ಮುಂಚೆಯೇ ಕೊಡಿ. ಆಮೇಲೆ ಆಯುಧಪೂಜೆ, ದೀಪಾವಳಿ ಅಂತ ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ. ನವೆಂಬರ್ 1ರ ದಿನವೇ ಬೇಡ, ಅವತ್ತು ಪೊಲೀಸರಿಗೂ ಪಾಲಿಕೆಯವರಿಗೂ ಊರೆಲ್ಲಾ ಕಾರ್ಯಕ್ರಮ. ಮೂರನೇ ಶನಿವಾರ ಇಟ್ಟುಕೊಳ್ಳಿ. ಮೊದಲ ಕರೆಯೋಲೆ ಕಳೆದ ವರ್ಷ ಪೊಲೀಸರಿಗೆ ಫೋನ್ ಮಾಡಿದ ಮನೆಗೆ ಹೋಗಲಿ, ನೀವೇ ಕೈಯಾರೆ ಕೊಟ್ಟು ಬನ್ನಿ.